ದಲ್ಲಾಳಿಯ ತೆಳು ದಾರ

ನೆಹರು ಗಂಜ್ ಎಂಬ ಕಾಳುಕಡಿಯ ಪೇಟೆಯಲ್ಲಿ ದೇವೀಂದ್ರಪ್ಪ ತೊಗರಿ ದಲ್ಲಾಳಿ. ಚೀಲಕ್ಕೆ ಕೊಳವೆ ಚುಚ್ಚಿ ತೆಗೆದ ಕಾಳನ್ನು ಅಂಗೈ ಮೇಲೆ ಉರುಳಿಸಿ, ಒಂದನ್ನು ಹಲ್ಲಿಗೆ ಕೊಟ್ಟು ನೋಡಿದನೆಂದರೆ, ಅದು ಯಾವ ಹೊಲದ್ದು ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿಬಿಡುತ್ತಾನೆ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ಕೂತು ಕೂತು ತಲೆ ಹಣ್ಣಾದ ಮನುಷ್ಯ. ವ್ಯಾಪಾರದ ಸೌದಾದಲ್ಲಿ ಯಾರನ್ನೂ ಗೋಡೆಗೆ ಒತ್ತಬಾರದು, ಇಬ್ಬರಿಗೂ ಒಂದಿಷ್ಟು ಜಾಗ ಇರಬೇಕು ಎನ್ನುವುದು ಅವನ ರೀತಿ. ಆ ರೀತಿಯಿಂದಲೇ ಗಂಜಿನಲ್ಲಿ ಅವನ ಮಾತಿಗೆ ತೂಕ ಬಂದಿತ್ತು. ಅದೇ ರೀತಿಯನ್ನು ಅವನು ಮೀನಿಗೂ ಅನ್ವಯಿಸಲು ಹೋಗಿದ್ದು ಮಾತ್ರ ಎಡವಟ್ಟಾಯಿತು.

ಮೀನಿನ ಮಾತು ಎಲ್ಲಿಂದ ಬಂತು ಎನ್ನಬಹುದು. ಕೊರಳಲ್ಲಿ ಲಿಂಗ ಇರುವವನು, ಬೆಳಿಗ್ಗೆ ಶರಣಬಸವೇಶ್ವರ ಗುಡಿಗೆ ಹೋಗಿ ಬಂದೇ ಚಹಾ ಕುಡಿಯುವವನು, ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ಅಂಥವನಿಗೆ ಐವತ್ತು ಸಮೀಪಿಸುವಾಗ ಗಾಳದ ಹುಚ್ಚು ಹಿಡಿಯಿತು. ಹಿಡಿಸಿದವರು ಕಮಲಾಪುರದ ತುಕಾರಾಮ ಮಾಸ್ತರರು. ಅಲ್ಲಿನ ಹೈಸ್ಕೂಲಿನಲ್ಲಿ ಹಿಂದಿ ಕಲಿಸುವ ಮಾಸ್ತರರ ತಂದೆಯ ಕಾಲದಿಂದಲೂ ಅವರ ಹೊಲದ ತೊಗರಿ ದೇವೀಂದ್ರಪ್ಪನ ಕೈಯಿಂದಲೇ ಗಂಜಿಗೆ ಹೋಗುತ್ತಿತ್ತು. ಬುದ್ಧ ಪೌರ್ಣಿಮೆಯ ಖೀರಿಗೆ ದೇವೀಂದ್ರಪ್ಪ ತಪ್ಪದೆ ಹೋಗುವ ಮನೆ ಅದು. ಒಮ್ಮೆ ಹೀಗೇ ಹೋದಾಗ ಮಾಸ್ತರರು ಊರಾಚೆಯ ಕೆರೆಗೆ ಕರೆದೊಯ್ದರು. ಕಮಲದ ಎಲೆಗಳ ಮೇಲೆ ಅವರು ಗಾಳಕ್ಕೆ ಕಟ್ಟಿ ಎಸೆದ ರಬ್ಬರ್ ಕಪ್ಪೆ ಕುಪ್ಪಳಿಸುತ್ತ ಬರುವಾಗ, ಎಲೆಯನ್ನೇ ಸೀಳಿಕೊಂಡು ಮರಲ್ ಮೀನೊಂದು ಅದರ ಮೇಲೆ ಬಿತ್ತು. ಆ ಸದ್ದಿಗೆ ದೇವೀಂದ್ರಪ್ಪನ ಎದೆ ಹೊಡೆದುಕೊಂಡ ರೀತಿ ಮದುವೆಯಲ್ಲೂ ಹೊಡೆದುಕೊಂಡಿರಲಿಲ್ಲ. ಇದನ್ನು ಅವನು ಹೆಂಡತಿಗೆ ಹೇಳಿಲ್ಲ, ನಾವೂ ಹೇಳುವುದು ಬೇಡ.

ಅಂದಿನಿಂದ ರವಿವಾರ ಬಂತೆಂದರೆ ಸ್ಕೂಟರು ಕಮಲಾಪುರದ ಕಡೆಯ ಹುಮನಾಬಾದ ರಸ್ತೆಗೆ ತಾನಾಗಿಯೇ ಹೊರಳುತ್ತದೆ. ಶ್ರಾವಣ ಮಾಸವೊಂದು ಬಿಟ್ಟು. ಹೆಂಡತಿ ಶಾರದಾಬಾಯಿ ಜಗಳ ಮಾಡಲಿಲ್ಲ, ಕಾನೂನು ಮಾಡಿದಳು. ಗಾಳದ ಸಾಮಾನು ಒಳಗೆ ಬರಕೂಡದು, ಬಂದವನು ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡಿಯೇ ಹೊಸ್ತಿಲು ದಾಟಬೇಕು. ಒಂದು ಸಲ ಮಾತ್ರ ಕೇಳಿದಳು:

“ತಿನ್ನೂದಿಲ್ಲ, ಮಾರೂದಿಲ್ಲ. ಮತ್ತ ಯಾಕ ಹಿಡೀತೀರಿ?”

“ಹಿಡದು ಬಿಡ್ತೀನಲ್ಲ. ನನ್ನ ಕೈಯಾಗ ಇಲ್ಲೀತನಕ ಒಂದೂ ಜೀವ ಹೋಗಿಲ್ಲ.”

ಈ ಮಾತೇ ಅವನ ಊರುಗೋಲು. ಗುಡಿಯಲ್ಲಿ ಕಣ್ಣು ಮುಚ್ಚಿ ನಿಂತಾಗಲೂ ಇದನ್ನೇ ಹೇಳಿಕೊಳ್ಳುತ್ತಿದ್ದ. ಮಾಸ್ತರರು ಹಿಂದೆ ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುತ್ತಿದ್ದರಂತೆ. ಅದು ತನ್ನಿಂದಾಗದು ಎಂದೇ ಅವನು ರಬ್ಬರ್ ಕಪ್ಪೆಗೆ ಅಂಟಿಕೊಂಡದ್ದು. ಮಾಸ್ತರರಿಗೆ ಸಿಕ್ಕ ಮೀನು ಸಾರಿಗೆ ಹೋಗುತ್ತಿತ್ತು, ದೇವೀಂದ್ರಪ್ಪನಿಗೆ ಸಿಕ್ಕದ್ದು ಮರಳಿ ನೀರಿಗೆ. “ನಾ ಹಿಡದದ್ದಕ್ಕ ಕಾರಣ ಅದ, ಹಸಿವು. ನಿಮ್ಮದು ಏನ್ರಿ ಸಾವ್ಕಾರ್ರ?” ಎಂದು ಮಾಸ್ತರರು ನಗುತ್ತ ಕೇಳಿದರೆ ಇವನೂ ನಕ್ಕು ಬಿಡುತ್ತಿದ್ದ. ಬಿಟ್ಟ ಮೀನು ಬಾಲ ಬೀಸಿ ಕತ್ತಲೆ ನೀರಿಗೆ ಇಳಿದಾಗ ಆಗುವ ಹಗುರನ್ನು ಸಾರು ತಿನ್ನುವವರು ಏನು ಬಲ್ಲರು ಎಂದು ಒಳಗೇ ಅಂದುಕೊಳ್ಳುತ್ತಿದ್ದ.

ಇಷ್ಟು ವರ್ಷ ಮಾಸ್ತರರ ಹಳೆಯ ಕೋಲು, ಮಾಸ್ತರರ ದಪ್ಪ ದಾರ. ಈ ಸಲ ಭಾದ್ರಪದದಲ್ಲಿ, ಗಂಜಿನಲ್ಲಿ ಹೊಸ ತೊಗರಿ ಬರಲು ಇನ್ನೂ ಕಾಲವಿದ್ದು ನೊಣ ಹೊಡೆಯುವ ದಿನಗಳಲ್ಲಿ, ಸ್ವಂತ ಸಾಮಾನು ಕೊಳ್ಳಲು ಹುಸೇನನ ಅಂಗಡಿಗೆ ಹೋದ. ಬಲೆ, ಹಗ್ಗ, ಗಾಳ ಮಾರುವ ಹುಸೇನನಿಗೆ ಇವನು ಬಂದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ತೊಗರಿ ನೋಡುವಂತೆಯೇ ಕಪ್ಪೆಗಳನ್ನೂ ಒಂದೊಂದಾಗಿ ನೋಡಿದ. ಹೆಬ್ಬೆರಳಿನಿಂದ ಅದುಮಿದಾಗ ಮೈ ಒಳಗೆ ಹೋಗಿ ಬೆನ್ನಿನ ಮೇಲಿನ ಗಾಳದ ಜೋಡಿ ಮುಳ್ಳು ಹೊರಗೆ ಇಣುಕಬೇಕು; ರಬ್ಬರು ಬಿರುಸಾಗಿದ್ದರೆ ಮೀನು ಕಚ್ಚಿದರೂ ಮುಳ್ಳು ತಾಗದು. ಬಿಟ್ಟಾಗ ಮುಳ್ಳು ಮತ್ತೆ ಮೈಗೆ ಅಂಟಿ ಕೂರಬೇಕು, ಇಲ್ಲವಾದರೆ ಎಲೆ, ದಂಟು ಎಲ್ಲ ಸಿಕ್ಕಿಸಿಕೊಂಡು ಬರುತ್ತದೆ. ಬೆನ್ನಿನ ಬಣ್ಣ ಮಾರುವವನಿಗಾಗಿ, ಹೊಟ್ಟೆಯ ಬಣ್ಣ ಮೀನಿಗಾಗಿ, ಏಕೆಂದರೆ ಅದು ನೋಡುವುದು ಕೆಳಗಿನಿಂದ. ಹಾಗೆ ನೋಡಿ ನೋಡಿ ಬಿಳಿ ಹೊಟ್ಟೆಯ ಹಳದಿ ಕಪ್ಪೆಯೊಂದನ್ನು ಆರಿಸಿದ. ಹಳದಿ ಯಾಕೆಂದರೆ ತನ್ನ ಕಣ್ಣಿಗೆ ದೂರದಿಂದಲೂ ಕಾಣಲಿ ಎಂದು.

ದಾರದ ಹತ್ತಿರ ಬಂದು ಅವನು ತೆಳುವಾದದ್ದನ್ನು ಎತ್ತಿಕೊಂಡಾಗ ಜಗ್ಗಾಟ ಶುರುವಾಯಿತು.

“ಸಾವ್ಕಾರ್, ಇದು ಭಾಳ ಬಾರೀಕ್ ಆಯ್ತು,” ಎಂದ ಹುಸೇನ. “ಮರಲ್‌ಗೆ ಮೋಟಾ ದಾರ ಬೇಕ್ರಿ. ಬಾಯಿಗೆ ಬಿತ್ತಂದ್ರ ಸೀದಾ ಕಮಲದ ಬುಡಕ್ಕ ಹೊಕ್ಕತದ. ಅಲ್ಲಿಂದ ಎಳಿಯೋ ತಾಕತ್ ಇದಕ್ಕಿಲ್ಲ.”

“ಮೋಟಾ ದಾರ ಹಾಕಿ ಎಳದ್ರ ಬಾವ್ಯಾಗಿಂದ ಕೊಡ ಜಗ್ಗಿದಂಗ ಆಗ್ತದ. ಅದು ಜುಲ್ಮಿ. ಅದಕ್ಕೂ ಒಂದೀಟು ಜಾಗ ಇರಬೇಕಲ್ಲಪ್ಪ. ತಾಕತ್ ಇದ್ರ ಹರಕೊಂಡು ಹೋಗಲಿ.”

“ಮೀನಿನ ಜೋಡಿ ಸೌದಾ ಮಾಡಾಕ ಹೊಂಟೀರೇನ್ರಿ?” ಎಂದು ಹುಸೇನ ತಲೆ ಅಲ್ಲಾಡಿಸಿ ಕಟ್ಟಿಕೊಟ್ಟ.

ಆ ರವಿವಾರ ಮಾಸ್ತರರಿಗೆ ಶಾಲೆಯಲ್ಲಿ ಏನೋ ಕಾರ್ಯಕ್ರಮ. ದೇವೀಂದ್ರಪ್ಪ ಒಬ್ಬನೇ ಕೆರೆಗೆ ಹೋದ. ಬಾಳೆತೋಟದ ಕಡೆಯ ದಂಡೆಯಲ್ಲಿ, ಕಮಲದ ಎಲೆಗಳ ನಡುವಿನ ಸಂದಿಗೆ ಕಪ್ಪೆ ಎಸೆದು, ಎರಡು ಸಲ ಕುಣಿಸಿ ನಿಲ್ಲಿಸಿದ್ದನಷ್ಟೆ. ನೀರು ಒಡೆಯಿತು. ಕೋಲು ಬಿಲ್ಲಾಯಿತು. ತೊಡೆ ಗಾತ್ರದ ಮರಲ್ ಒಮ್ಮೆ ಮೈ ತೋರಿಸಿ, ಹುಸೇನ ಹೇಳಿದಂತೆಯೇ ಸೀದಾ ಬುಡಕ್ಕೆ ನುಗ್ಗಿತು. ದಾರ ದಂಟಿಗೆ ಸುತ್ತಿಕೊಂಡು ಟಪ್ಪೆಂದು ಹರಿಯಿತು. ದೇವೀಂದ್ರಪ್ಪ ಜೋತ ದಾರ ಹಿಡಿದುಕೊಂಡು ನಿಂತ. ಬೇಜಾರಾಗಬೇಕಿತ್ತು, ಆಗಲಿಲ್ಲ. ತನ್ನ ರೀತಿ ನೀರಿನೊಳಗೂ ನಡೆಯಿತಲ್ಲ ಎಂದು ಹಿಗ್ಗಿದ. ದಂಡೆಯ ಮೇಲಿಂದಲೇ ಮಾಸ್ತರರಿಗೆ ಫೋನು ಹಚ್ಚಿದ.

“ಹರಕೊಂಡು ಹೋತ್ರಿ ಮಾಸ್ತರ್ರ. ಗೆದ್ದು ಹೋತು.”

ಆ ಕಡೆಯಿಂದ ಮಾಸ್ತರರು ಕೇಳಿದರು: “ಕಪ್ಪಿ ಎಲ್ಲದರಿ?”

“ಅದರ ಬಾಯಾಗ.”

“ಹೂಂ,” ಎಂದರು ಮಾಸ್ತರರು. ಫೋನಿಟ್ಟರು.

ಮುಂದಿನ ರವಿವಾರ ಇಬ್ಬರೂ ಹೋದರು. ಮರಲ್‌ಗೆ ನೀರಿನ ಗಾಳಿ ಸಾಲದು. ಅದು ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗಬೇಕು. ಬಾಳೆತೋಟದ ದಂಡೆಯ ಹತ್ತಿರ ಒಂದು ತಲೆ ಮೇಲೆ ಬಂತು. ಬಾಯ ತುದಿಯಲ್ಲಿ ಹಳದಿ. ಜೋಡಿ ಮುಳ್ಳು ಮೇಲಿನ ದವಡೆ ಕೆಳಗಿನ ದವಡೆ ಎರಡನ್ನೂ ಸೇರಿಸಿ ಹೊಲಿದುಬಿಟ್ಟಿತ್ತು. ಸಂದಿಯಲ್ಲಿ ಒಂದಿಷ್ಟು ಗಾಳಿ ಹೀರಿ ಅದು ಮುಳುಗಿತು. ದೂರದಿಂದಲೂ ಕಾಣಲಿ ಎಂದು ಆರಿಸಿದ ಬಣ್ಣ ನೀರಿನೊಳಗೆ ಇಳಿಯುತ್ತ ಹೋಗುವುದೂ ಚೆನ್ನಾಗಿಯೇ ಕಂಡಿತು.

“ಗಾಳಿ ಒಂದು ತಗೋತದ,” ಎಂದರು ಮಾಸ್ತರರು ಮೆಲ್ಲಗೆ. “ಬಾಯಿ ತೆಗೆಯಾಕ ಆಗೂದಿಲ್ಲ. ಏನೂ ತಿನ್ನಾಕ ಆಗೂದಿಲ್ಲ.”

ದೇವೀಂದ್ರಪ್ಪ ಅಂದು ಕೋಲು ಬಿಚ್ಚಲೇ ಇಲ್ಲ.

ಆ ವಾರ ಅವನು ಗಂಜಿನಲ್ಲಿ ತೊಗರಿ ಕಾಳು ಹಲ್ಲಿಗೆ ಕೊಟ್ಟು, ಕಡಿದದ್ದನ್ನು ಮರೆತು ಕೂತ. ಗುಡಿಯಲ್ಲಿ ಕಣ್ಣು ಮುಚ್ಚಿದರೆ ದಿನನಿತ್ಯದ ಆ ಮಾತು ಬಾಯಿಗೆ ಬರಲೊಲ್ಲದು. ಎಷ್ಟು ಮೀನು ಬಿಟ್ಟಿದ್ದೇನೆ ಎಂದು ನೆನೆಯುತ್ತಿದ್ದವನಿಗೆ, ಬಿಟ್ಟ ಮೇಲೆ ಅವು ಏನಾದವು ಎಂದು ಒಂದು ಸಲವೂ ನೋಡಿಲ್ಲ ಎನ್ನುವುದು ಈಗ ಹೊಳೆಯಿತು. ಬಾಲ ಬೀಸಿ ಕತ್ತಲೆಗೆ ಇಳಿದದ್ದನ್ನಷ್ಟೇ ಕಂಡಿದ್ದ. ತನಗೆ ಹಗುರಾಗಿದ್ದು ಅವು ಬದುಕಿದ್ದಕ್ಕೋ, ಕಣ್ಣಿಗೆ ಮರೆಯಾದದ್ದಕ್ಕೋ? ದಪ್ಪ ದಾರ ಇದ್ದಿದ್ದರೆ ಆ ಮೀನು ಕೈಗೆ ಬರುತ್ತಿತ್ತು, ಮುಳ್ಳು ಬಿಚ್ಚಿ ಬಿಡಬಹುದಿತ್ತು. ಕರುಣೆ ಎಂದುಕೊಂಡು ಅದರ ಬಾಯಿ ಹೊಲಿದು ಕಳಿಸಿದ್ದ. ಇದನ್ನು ಯಾರ ಮುಂದೆ ಹೇಳಿದರೂ ನಕ್ಕಾರು, ಒಂದು ಮೀನಿಗಾಗಿ ಇಷ್ಟೊಂದು ಯಾಕೆ ಎಂದಾರು.

ವಾರದ ನಡುವೆಯೇ ಗಂಜಿನ ಕೆಲಸ ಬಿಟ್ಟು ಕೆರೆಗೆ ಹೋಗಿ ಕೂತ. ಹಳದಿ ಮತ್ತೆ ಮೇಲೆ ಬಂತು, ಈ ಸಲ ದಂಡೆಗೆ ಇನ್ನೂ ಹತ್ತಿರ, ಇನ್ನೂ ನಿಧಾನ. ಶಾಲೆ ಬಿಡುವ ಹೊತ್ತಿಗೆ ಸೀದಾ ಮಾಸ್ತರರ ಮನೆಗೆ ಹೋದ.

“ಗಾಳಕ್ಕ ಅದು ಬರೂದಿಲ್ಲ, ಮಾಸ್ತರ್ರ. ನಿಮ್ಮ ಅಪ್ಪಾರ ಬೀಸುಬಲಿ ಅದ ಏನು ಮನ್ಯಾಗ?”

ಮಾಸ್ತರರು ಅಟ್ಟದಿಂದ ಬಲೆ ಇಳಿಸಿದರು. ಹರಿದಲ್ಲಿ ಕಟ್ಟಿ, ಅಂಚಿನ ಸೀಸದ ಗುಂಡು ಮುಟ್ಟಿ ನೋಡಿ, ಹೆಗಲಿಗೆ ಹಾಕಿಕೊಂಡರು. ತಂದೆಯ ಕೈ ಅವರಿಗೆ ಬಂದಿರಲಿಲ್ಲ. ಮೊದಲ ಬೀಸು ಮಡಿಕೆಯಾಗಿ ಬಿತ್ತು, ಎರಡನೆಯದಕ್ಕೆ ಬರೀ ಕಮಲದ ಎಲೆ. ಹಳದಿ ಮೇಲೆ ಬರುವುದನ್ನು ಕಾಯುತ್ತ ಇಬ್ಬರೂ ಮೊಣಕಾಲುದ್ದ ನೀರಿನಲ್ಲಿ ನಿಂತರು. ಹೊತ್ತು ಇಳಿಯುವ ಮುಂಚೆ ಒಂದು ಬೀಸು ಸರಿಯಾಗಿ ಅರಳಿ ಬಿತ್ತು.

ಮೀನು ದಂಡೆಗೆ ಬಂದಾಗ ಒದ್ದಾಡಲೂ ಇಲ್ಲ. ತಲೆ ಮೊದಲಿನಷ್ಟೇ ಇತ್ತು, ಮೈ ಸೊರಗಿ ಬಡಿಗೆಯಾಗಿತ್ತು. ಮಾಸ್ತರರು ಇಕ್ಕಳದಿಂದ ಮುಳ್ಳು ಬಿಚ್ಚಿದರು. ದವಡೆಯ ಒಂದು ಕಡೆ ಹರಿದು ಕೊಳೆತಿತ್ತು.

“ಏನು ಮಾಡೋಣ್ರಿ?” ಎಂದು ಮಾಸ್ತರರೇ ಕೇಳಿದರು.

“ಬಿಟ್ರ ಬದುಕತದೇನು?”

“ಬದುಕಬಹುದು. ಬದುಕದೇನೂ ಇರಬಹುದು. ನಿಮ್ಮ ಮೀನು, ನೀವೇ ಹೇಳಬೇಕು.”

ನೀರು ಪಕ್ಕದಲ್ಲೇ ಇತ್ತು. ಬಿಟ್ಟುಬಿಟ್ಟರೆ ಅದು ಹೇಗೋ ಬಾಲ ಬೀಸುತ್ತದೆ, ಕತ್ತಲೆಗೆ ಇಳಿಯುತ್ತದೆ, ಬದುಕಿತೆಂದು ನಂಬಿಕೊಂಡು ಇವನು ಮನೆಗೆ ಹೋಗಬಹುದು. ಸ್ನಾನ ಮಾಡಿ ಹೊಸ್ತಿಲು ದಾಟಬಹುದು. ದೇವೀಂದ್ರಪ್ಪನಿಗೆ ಅದು ಎಷ್ಟು ಸಲೀಸು ಎಂದು ಅನ್ನಿಸಿ ತನ್ನ ಮೇಲೇ ಹೇಸಿಗೆ ಬಂತು.

“ಒಯ್ಯೋಣ್ರಿ ನಿಮ್ಮ ಮನೀಗೆ,” ಎಂದ. ಆಮೇಲೆ, “ನಾನೇ ಹೊಡೀಬೇಕೇನು?”

“ಬ್ಯಾಡ್ರಿ. ನಿಮಗ ಏಟು ಹಾಕಿ ರೂಢಿ ಇಲ್ಲ. ಇನ್ನೊಂದು ಸಲ ಅದಕ್ಕ ತ್ರಾಸ ಆಗ್ತದ.”

ಮಾಸ್ತರರು ಕಲ್ಲು ಎತ್ತಿಕೊಂಡರು. ದೇವೀಂದ್ರಪ್ಪ ಬಾಳೆತೋಟದ ಕಡೆ ತಿರುಗಿ ನಿಂತ.

ಮನೆಯ ಹಿಂದಿನ ಕಲ್ಲಿನ ಮೇಲೆ ರಮಾಬಾಯಿ, ಮಾಸ್ತರರ ಹೆಂಡತಿ, ಮೀನಿಗೆ ಬೂದಿ ತಿಕ್ಕಿ ಲೋಳೆ ತೆಗೆದಳು. ದೇವೀಂದ್ರಪ್ಪ ಎಂದೂ ಆ ಕಡೆ ಬಂದವನಲ್ಲ. ಅಂದು ಎದುರಿಗೇ ಕೂತ. ಆಕೆ ಹೊಟ್ಟೆ ಸೀಳಿ ಒಳಗೆ ಬೆರಳಾಡಿಸಿದಳು.

“ಏನೂ ಇಲ್ಲ ನೋಡ್ರಿ ಅಣ್ಣಾರ. ಕರುಳು ಒಣಗ್ಯಾವ. ಎಷ್ಟು ದಿನದಿಂದ ಉಪಾಸ ಇತ್ತೋ ಏನೋ.”

ಮಾಸ್ತರರು ಕಾಲು ತೊಳೆಯುವ ನೆವದಲ್ಲಿ ನಲ್ಲಿಯ ಕಡೆ ನಡೆದರು. ಹೀಗಾದದ್ದು ಯಾರಿಂದ ಎಂದು ಅವರು ಹೇಳುವುದಿಲ್ಲ ಎನ್ನುವುದು ದೇವೀಂದ್ರಪ್ಪನಿಗೆ ಗೊತ್ತಿತ್ತು. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

“ಅದರ ಬಾಯಿ ಕಟ್ಟಿದವ ನಾನೇ, ತಂಗಿ,” ಎಂದ. ದಾರದ ಕತೆಯನ್ನು, ಹುಸೇನ ಹೇಳಿದ್ದನ್ನು, ತಾನು ಹಿಗ್ಗಿದ್ದನ್ನು ಎಲ್ಲ ಹೇಳಿದ. ಆಕೆ ಕೆಲಸ ನಿಲ್ಲಿಸದೆ ಕೇಳಿದಳು.

“ಹಂಗಾದ್ರ ಹಿಡಿಯೂದು ಬಿಟ್ಟುಬಿಡ್ರಿ.”

ಬಿಡುತ್ತೇನೆ ಎನ್ನಲು ಬಾಯಿ ತೆರೆದವನಿಗೆ, ಎಲೆ ಸೀಳಿ ನೀರು ಒಡೆಯುವ ಆ ಸದ್ದು ಕಿವಿಯಲ್ಲಿ ಕೇಳಿಸಿತು. ನಾಚಿಕೆಯಾಯಿತು, ಆದರೂ ಸುಳ್ಳು ಹೇಳಲಾಗಲಿಲ್ಲ.

“ಬಿಡಾಕ ಆಗೂದಿಲ್ಲ, ತಂಗಿ.”

“ಹಂಗಾದ್ರ ಹಿಡದದ್ದು ಇಲ್ಲಿಗೆ ತರ್ರಿ. ತಿನ್ನಾಕ ನಾವು ಅದೀವಿ.” ಆಕೆ ತುಂಡುಗಳನ್ನು ಬುಟ್ಟಿಗೆ ಹಾಕಿ ತಲೆ ಎತ್ತಿದಳು. “ಇದನ್ನ ಹೊಡದವರು ಯಾರು?”

“ಮಾಸ್ತರ್ರು. ನಾ ಮಾರಿ ಆ ಕಡೀಗೆ ಮಾಡಿದ್ದೆ.”

“ಮುಂದ ನೀವೇ ಹೊಡದು ತರ್ರಿ ಅಣ್ಣಾರ,” ಎಂದಳು ರಮಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಜೀವ ಇದ್ದದ್ದು ತಂದು ನಮ್ಮ ಕೈಯಾಗ ಕೊಟ್ಟು, ನೀವೊಬ್ರು ಮಡಿ ಆಗಿ ಹೋಗಬ್ಯಾಡ್ರಿ.”

ಆಕೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಕಲ್ಲಿನ ಮೇಲೆ ಬೂದಿ, ರಕ್ತ, ಒಣಗಿದ ಕರುಳು ಉಳಿದಿದ್ದವು. ದೇವೀಂದ್ರಪ್ಪ ಅಂಗಿಯ ತೋಳು ಮಡಚಿ, ಕೊಡದಿಂದ ನೀರು ಮೊಗೆದು, ಬರಿಗೈಯಲ್ಲಿ ಕಲ್ಲು ತೊಳೆಯಲು ಕೂತ.