ಕೊಟ್ಟಿಗೆ ಕಟ್ಟೆಯ ಇಂಗ್ಲಿಷ್ ಬಟ್ಟಲು

ಇಂಗ್ಲೆಂಡಿನ ಕುಶಲಕರ್ಮಿಗಳು ಕೈಯಿಂದ ಮಾಡಿದ ಮಣ್ಣಿನ ಪಾತ್ರೆಗಳನ್ನು ಗುರುತಿಸಬಲ್ಲವರು ಅರವತ್ತರ ದಶಕದಲ್ಲಿ ನಮ್ಮ ಮೂರು ತಾಲೂಕುಗಳಲ್ಲಿ ಇಬ್ಬರೇ ಇದ್ದೆವು. ಒಬ್ಬರು ತೀರ್ಥಹಳ್ಳಿಯ ವಕೀಲರು, ಇನ್ನೊಬ್ಬ ಸಾಗರದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ನಾನು. ನಾನು ಅವರನ್ನು ಮೂರ್ಖರೆಂದು ತಿಳಿದಿದ್ದೆ, ಅವರು ನನ್ನನ್ನು. ಬೇರೆ ಯಾವುದನ್ನು ಗುರುತಿಸಿದೆವೋ ಇಲ್ಲವೋ, ಇದನ್ನಂತೂ ಇಬ್ಬರೂ ಸರಿಯಾಗಿ ಗುರುತಿಸಿದ್ದೆವು.

ಓದಲು ಎರಡು ವರ್ಷ ಇಂಗ್ಲೆಂಡಿನಲ್ಲಿದ್ದಾಗ ನನಗೆ ಈ ಹುಚ್ಚು ಹಿಡಿಯಿತು. ಕಾರ್ಖಾನೆಯ ಪಿಂಗಾಣಿಗೆ ಬೇಸತ್ತ ಕೆಲವರು ಅಲ್ಲಿ ಪಾತ್ರೆ ಸುಡುವ ಸಣ್ಣ ಆವಿಗೆ ಕಟ್ಟಿಕೊಂಡು, ಒಂದೊಂದೇ ಪಾತ್ರೆ ತಿರುಗಿಸಿ, ತಳದಲ್ಲಿ ತಮ್ಮ ಮುದ್ರೆ ಒತ್ತುತ್ತಿದ್ದರು. ಅಂಥ ನಾಲ್ಕು ಬಟ್ಟಲುಗಳನ್ನು ಉಣ್ಣೆಯ ಅಂಗಿಗಳಲ್ಲಿ ಸುತ್ತಿ ತಂದಿದ್ದೆ. ಅತ್ತಿಗೆ ಒಂದನ್ನು ಎತ್ತಿ ನೋಡಿ, "ಇದ್ನ ಹೊತ್ಗಂಡು ಬಪ್ಪಲೆ ಹಡಗು ಬೇಕಾತಾ? ನಮ್ಮ ಕುಂಬಾರಂಗೆ ಹೇಳಿದ್ರೆ ಇದಕ್ಕಿಂತ ಚೊಲೋ ಮಾಡಿ ಕೊಡ್ತಿದ್ದ" ಎಂದರು. ಅತ್ತಿಗೆಗೆ ಅಭಿರುಚಿಯಿಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡೆ.

ವಕೀಲರು ಇಂಗ್ಲೆಂಡನ್ನು ನೋಡಿದವರಲ್ಲ. ಅಂಚೆಯಲ್ಲಿ ತರಿಸಿದ ಮುದ್ರೆಗಳ ಪುಸ್ತಕವೊಂದು ಅವರಲ್ಲಿತ್ತು. ಪಾತ್ರೆಯ ಮೈ, ಬಾಯಿ, ಬಣ್ಣ ಯಾವುದೂ ಅವರಿಗೆ ಬೇಡ. ಹೆಣ್ಣು ನೋಡಲು ಹೋದವನು ಜಾತಕವನ್ನಷ್ಟೇ ಓದಿ ಎದ್ದು ಬಂದಂತೆ, ಬುಡ ನೋಡಿ ತೀರ್ಪು ಕೊಡುತ್ತಿದ್ದರು.

ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುತ್ತದೆಂದು ಊರುಗಳು ಖಾಲಿಯಾಗುತ್ತಿದ್ದ ಸಮಯ. ಬಿಟ್ಟು ಹೋಗುವ ಮನೆಗಳಲ್ಲಿ ಏನಾದರೂ ಸಿಕ್ಕೀತೆಂದು ವಕೀಲರು ಕಾಗದ ಬರೆದರು. ಅದನ್ನು ಓದಿ ಹೇಸಿಗೆಪಟ್ಟೆ. ಮರುದಿನವೇ ಒಪ್ಪಿಗೆ ಬರೆದು, ಅವರ ಜೊತೆ ಬಸ್ಸು ಹತ್ತಿದೆ. ಹೊಸನಗರ ತಾಲೂಕಿನಲ್ಲಿದ್ದ ನನ್ನ ದೂರದ ಭಾವನ ಮನೆಗೆ ಹೋದಾಗ ಮಾಡಿನ ಹೆಂಚು ಇಳಿಸುತ್ತಿದ್ದರು. ನಾವು ತಿಥಿಯ ಮನೆಯಲ್ಲಿ ಊಟದ ಎಲೆ ಹುಡುಕುವವರಂತೆ ಅಂಗಳದಲ್ಲಿ ಸುತ್ತಾಡಿದೆವು. ಒಳ್ಳೆಯ ಬಿಸಿಲಿತ್ತೆಂದು ನನ್ನ ನೆನಪು. ಅಲ್ಲಿ ಸಿಕ್ಕ ಬಟ್ಟಲು ಹೊಳೆಯಲೆಂದು ಆ ಬಿಸಿಲನ್ನು ನಾನೇ ಆಮೇಲೆ ಸೇರಿಸಿಕೊಂಡಿದ್ದರೂ ಆಶ್ಚರ್ಯವಿಲ್ಲ.

ಆ ಮನೆಗಳಲ್ಲಿ ಹೊರಗಿನ ಆಳುಗಳಿಗೆ ಒಳಗಿನ ಕಂಚು ಹಿತ್ತಾಳೆ ಮುಟ್ಟಿಸುತ್ತಿರಲಿಲ್ಲ. ಅವರವರ ಪಾತ್ರೆ ಕೊಟ್ಟಿಗೆಯ ಕಟ್ಟೆಯ ಮೇಲಿರುತ್ತಿತ್ತು. ಮನೆಯವರು ಎತ್ತರದಿಂದ ಮಜ್ಜಿಗೆ ಹೊಯ್ಯುವರು. ಕುಡಿದವನು ತಾನೇ ತೊಳೆದು ಬೋರಲು ಹಾಕಿ ಹೋಗಬೇಕು. ಬೋರಲು ಹಾಕಿದ್ದರಿಂದಲೇ ಆ ಬಟ್ಟಲಿನ ತಳ ನಮ್ಮ ಕಣ್ಣಿಗೆ ಬಿತ್ತು. ಎರಡು ಅಡ್ಡಗೆರೆ, ಅವುಗಳನ್ನು ಕಡಿದು ಹೋದ ಒಂದು ಓರೆಗೆರೆ. ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಆವಿಗೆಯ ಮುದ್ರೆ ಎಂದು ನಾನು ಕೂಗಿಯೇ ಬಿಟ್ಟೆ. ಪುಸ್ತಕ ನೋಡದೆ ಹೇಳಲಾಗದೆಂದು ವಕೀಲರು ಗೊಣಗಿದರು. ಪುಸ್ತಕ ತೀರ್ಥಹಳ್ಳಿಯಲ್ಲಿತ್ತು.

ಭಾವನಿಗೆ ನಗು ಬಂತು. "ಅದೆಂತಕ್ಕೆ ನಿಂಗಕ್ಕೆ? ಹೊರಗಿನವಕ್ಕೆ ಮಜ್ಜಿಗೆ ಹಾಕ ಬಟ್ಲು ಅದು, ಒಳಗೆ ತರಂಗಿಲ್ಲೆ. ಬಿಳೀ ದೊರೆ ಬಂಗ್ಲೆ ಹರಾಜಲ್ಲಿ ಅಪ್ಪಯ್ಯ ಕುರ್ಚಿ ತಂದಿದ್ದ, ಅದ್ರ ಜೊತಿಗೆ ಬಂದಿದ್ದು. ಬೇಕಾರೆ ತಗಂಡು ಹೋಗಿ."

ಹೆಂಚು ಹೊರುತ್ತಿದ್ದ ಆಳೊಬ್ಬ ನಿಂತ. ನಡುವಯಸ್ಸಿನವನು. "ಒಡೇರೆ, ಅದು ನನ್ ಬಟ್ಲು" ಎಂದ.

"ತೆಂಗಿನ ಗೆರಟೆ ಇಲ್ವನಾ? ಇವತ್ತಿಂದ ಅದ್ರಲ್ಲಿ ಕುಡಿ" ಎಂದ ಭಾವ. ವಕೀಲರು ನಕ್ಕರು. ನಾನು ನಕ್ಕೆನೇ? ನಗಲಿಲ್ಲ ಎಂದು ಬರೆಯಲು ಮನಸ್ಸಾಗುತ್ತದೆ. ಹಾಗೆ ಮನಸ್ಸಾಗುವುದರಿಂದಲೇ, ನಕ್ಕಿರಬೇಕು.

ಬಟ್ಟಲನ್ನು ನನ್ನ ಮನೆಗೆ ತಂದು ಪುಸ್ತಕದ ಕಪಾಟಿನ ಮೇಲಿಟ್ಟು, ಪಕ್ಕದಲ್ಲಿ ಸುಂದರ ಅಕ್ಷರದ ಚೀಟಿಯೊಂದನ್ನು ಆನಿಸಿದೆ. ಕಾಲೇಜಿನಲ್ಲಿ ಅದರ ಬಗ್ಗೆ ಭಾಷಣ ಮಾಡಿದೆ. ಬಟ್ಟಲಿನ ಗಾಂಭೀರ್ಯದ ಬಗ್ಗೆ ನಾನಾಡಿದ ಮಾತುಗಳ ಟಿಪ್ಪಣಿ ಈಗಲೂ ಇದೆ, ಓದಿದರೆ ಮೈ ಉರಿಯುತ್ತದೆ. ವಕೀಲರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎರಡು ಸಲ ಬಂದರು. ಎರಡನೆಯ ಸಲ ಹೊಟ್ಟೆಕಿಚ್ಚಿನಿಂದಲೇ, "ನೀವು ಹೇಳಿದ್ದು ಸರಿ ಕಣ್ರೀ" ಎಂದು ಒಪ್ಪಿದರು. ಆ ಸಂತೋಷಕ್ಕೆ ಸಮನಾದದ್ದು ನನಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಕೆಲವು ವಾರಗಳ ಮೇಲೆ ಆ ಆಳು ಸಾಗರದ ನಮ್ಮ ಮನೆಗೆ ಬಂದ. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತ.

"ಮೇಷ್ಟ್ರೆ, ನನ್ ಬಟ್ಲು ಒಯ್ಯಕ್ಕೆ ಬಂದೆ. ಈಗ ಬ್ಯಾರೆ ಮನೆ ಕೆಲ್ಸಕ್ಕೆ ಹೋಗ್ತೀನಿ. ಅಲ್ಲೂ ಗೆರಟೆನೇ ಕೊಡ್ತಾರೆ. ಗೆರಟೆಲ್ಲಿ ನಾ ಕುಡ್ಯಲ್ಲ."

"ಅದು ಇಂಗ್ಲೆಂಡಿಂದು ಮಾರಾಯ. ಯಾರು ಮಾಡಿದ್ದು ಅಂತ ಗೊತ್ತಾ ನಿಂಗೆ?"

"ಮಾಡ್ದೋರು ಯಾರಾರೂ ಆಗ್ಲಿ. ಹನ್ನೆಲ್ಡ್ ವರ್ಷ ಕುಡ್ದೋನು ನಾನಲ್ರಾ."

"ತಳದಲ್ಲಿ ಅವರ ಗುರುತಿದೆ."

"ಯಾವ್ದು, ಆ ಗೆರೆನಾ?" ಅವನು ಗಟ್ಟಿಯಾಗಿ ನಕ್ಕ. "ಅದು ನಾ ಕೊರ್ದಿದ್ದು, ಬೆಣಚುಕಲ್ಲಲ್ಲಿ! ಕಟ್ಟೆ ಮ್ಯಾಲೆ ನಾಕ್ ಜನರ ಬಟ್ಲು ಇರ್ತಿದ್ವು. ಕೆಳಗಿನ ಕೇರಿಯೋರು ಗೊತ್ತಾಗ್ದೆ ನಂದ್ರಲ್ಲಿ ಕುಡ್ದು ಜಾತಿ ಕೆಡ್ಸಿದ್ರೆ?"

ಇವನೂ ಇಷ್ಟೇ ಎಂದು ತಿರಸ್ಕಾರ ಹುಟ್ಟಿತು. ಆ ತಿರಸ್ಕಾರ ನನಗೆ ಒಂದು ಕ್ಷಣ ಬಹಳ ಅನುಕೂಲವಾಯಿತು. ಒಳಗೆ ಹೋಗಿ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಸಿ ಮಣ್ಣಿಗೆ ಒತ್ತಿದ ಮುದ್ರೆಯ ಅಂಚು ತುಸು ಉಬ್ಬಿರುತ್ತದೆ. ಸುಟ್ಟ ಮೇಲೆ ಕೊರೆದದ್ದು ಹರಿತವಾಗಿ, ಬೆಳ್ಳಗೆ ಇರುತ್ತದೆ. ಈ ವ್ಯತ್ಯಾಸವನ್ನು ವಕೀಲರಿಗೆ ಕಲಿಸಿದ್ದೇ ನಾನು. ಗೆರೆಗಳು ಹರಿತವಾಗಿದ್ದವು. ಬಟ್ಟಲು ಇಂಗ್ಲೆಂಡಿನದೇ ಇರಬಹುದು. ಯಾರದೆಂದು ಹೇಳಲು ಅದರಲ್ಲಿ ಏನೂ ಇರಲಿಲ್ಲ.

ಆಗ ನನ್ನ ಕಣ್ಣೆದುರು ಬಂದದ್ದು ವಕೀಲರ ಮುಖ. ಆ ಮುಖವನ್ನು ಎದುರಿಸುವುದಕ್ಕಿಂತ ಮೇಲೆಂದು, ನಾನು ಇಂಗ್ಲೆಂಡಿನಿಂದ ತಂದಿದ್ದ ನಿಜವಾದ ಬಟ್ಟಲೊಂದನ್ನು ಅವನ ಮುಂದಿಟ್ಟೆ. "ಇದು ಅದಕ್ಕಿಂತ ಒಳ್ಳೇದು, ತಗೊಂಡು ಹೋಗು."

ಅವನು ಅದನ್ನು ತಿರುವಿ ನೋಡಿ ಮೆಟ್ಟಿಲ ಮೇಲಿಟ್ಟ. "ಇದ್ರಲ್ಲಿ ಬ್ಯಾರೆ ಯಾರ್ದೋ ಗುರ್ತು ಐತಲ್ರಾ. ಅವ್ರು ಎಂಥ ಜನವೋ ಏನೋ. ನಂಗ್ ಬ್ಯಾಡ."

ಅವನ ಬಟ್ಟಲನ್ನು ಅವನಿಗೇ ಕೊಟ್ಟೆ. ಉದಾರತೆಯಿಂದಲ್ಲ, ಅವನ ನಗು ಬೀದಿಯವರೆಗೆ ಕೇಳಿಸುತ್ತಿತ್ತು. ಟವಲಿನಲ್ಲಿ ಕಟ್ಟಿಕೊಂಡು ಹೋದ.

ವಕೀಲರಿಗೆ ಬಟ್ಟಲು ಕೈಜಾರಿ ಒಡೆಯಿತೆಂದು ಬರೆದೆ. ಅಂದಿನ ದಿನಚರಿಯಲ್ಲೂ ಹಾಗೆಯೇ ಇದೆ. ನನ್ನ ಅಕ್ಷರವನ್ನೇ ನಂಬುವುದಾದರೆ ಮೇಲಿನದೆಲ್ಲ ನಡೆದೇ ಇಲ್ಲ. ಅವರು ಕಾಗದ ತಲುಪಿದ ಮರುದಿನದ ಬಸ್ಸಿಗೇ ಸಂತಾಪ ಹೇಳಲು ಬಂದರು. ಕಣ್ಣಲ್ಲಿ ನಿಜವಾಗಿ ನೀರಿತ್ತು. ಕಾಫಿ ಕುಡಿದು, ದನಿ ತಗ್ಗಿಸಿ, "ತಳದ ಚೂರೊಂದಾದರೂ ಇದ್ದರೆ ನನಗೆ ಕೊಡಿ" ಎಂದರು. ಬಾವಿಗೆ ಎಸೆದೆ ಎಂದೆ. ಅವರು ಎದ್ದು ಹೋಗಿ ಬಹಳ ಹೊತ್ತು ನಮ್ಮ ಬಾವಿಯೊಳಗೆ ಇಣುಕುತ್ತ ನಿಂತರು. ನಾನೂ ಪಕ್ಕದಲ್ಲಿ ನಿಂತು, ಮುಖ ಸಪ್ಪೆ ಮಾಡಿಕೊಂಡು, ಇಣುಕಿದೆ.