ಒಡಪಿನೊಳಗಿನ ಹೆಸರು

ನನ್ನ ಹೆಂಡತಿ ಯಾವತ್ತೂ ನನ್ನ ಹೆಸರು ಹಿಡಿದು ಕರೆದವಳಲ್ಲ. "ಇಲ್ನೋಡ್ರಿ" ಎನ್ನುವಳು, ಸಿಟ್ಟು ಬಂದರೆ "ಕಿವಿ ಕೇಳಸ್ತಾವೋ ಇಲ್ಲೋ?" ಎನ್ನುವಳು. ನಮ್ಮ ಕಲಬುರಗಿ ಕಡೆಯ ಹಳೆಯ ಮನೆತನಗಳಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನಾಗಲಿ, ಗಂಡನ ಅಣ್ಣನ ಹೆಸರನ್ನಾಗಲಿ ಬಾಯಿಗೆ ತರುವುದಿಲ್ಲ. ಗಂಡನ ಹೆಸರಿಗೆ ಮಾತ್ರ ಒಂದು ರಿಯಾಯಿತಿ ಉಂಟು: ಪ್ರಾಸ ಕಟ್ಟಿ ಒಡಪು ಹೇಳಿ, ಅದರ ಕೊನೆಯಲ್ಲಿ ಸೇರಿಸಬಹುದು.

ನಾವು ಬಂದು ನೆಲೆಸಿದ ಶಹರದಲ್ಲಿ, ಮಿಯಾಪುರದ ನಮ್ಮ ಹೊಸ ಫ್ಲ್ಯಾಟಿನ ಗೃಹಪ್ರವೇಶದ ದಿನ ನನ್ನ ತಮ್ಮನ ಹೆಂಡತಿ ಹೊಸಿಲಿಗೆ ಅಡ್ಡ ನಿಂತು, ಒಡಪು ಹೇಳದೆ ಒಳಗೆ ಬಿಡೆನೆಂದು ಹಟ ಹಿಡಿದಳು. ನನ್ನವಳು ನಾಚಿ, ನಕ್ಕು, ಕೊನೆಗೂ ಹೇಳಿದಳು. ನಾನು ಫೋನಿನಲ್ಲಿ ವಿಡಿಯೊ ಹಿಡಿದುಕೊಂಡೆ. ಫೋನು ತುಂಬಿದಾಗ ವಿಡಿಯೊವನ್ನು ಲ್ಯಾಪ್‌ಟಾಪಿಗೆ ಹಾಕಿಸಿದ್ದ ಹೊಸ ಎಸ್‌ಎಸ್‌ಡಿಗೆ, ಚಿಪ್‌ಗಳಲ್ಲೇ ಎಲ್ಲ ಕೂಡಿಡುವ ಡ್ರೈವಿಗೆ, ಸಾಗಿಸಿದೆ. ಅದರ ವೇಗವನ್ನು ಹೊಗಳಿ ಹೊಗಳಿ ಬಂದವರ ತಲೆ ತಿಂದಿದ್ದೇನೆ. "ಅದಕ್ಕ ಅಷ್ಟ್ಯಾಕ್ರಿ ಅವಸರ?" ಎಂದು ಅವಳು ಚಾಷ್ಟಿ ಮಾಡಿದ್ದಳು.

ಹೋದ ವರ್ಷ ಜ್ವರವೆಂದು ಆಸ್ಪತ್ರೆಗೆ ಸೇರಿದವಳು ತಿರುಗಿ ಬರಲಿಲ್ಲ. ದಿನಾ ಸಂಜೆ ಆ ವಿಡಿಯೊ ಹಾಕಿಕೊಂಡು ಕೂಡುತ್ತಿದ್ದೆ. ಒಂದು ಸಂಜೆ ತೆರೆದರೆ ಡ್ರೈವೇ ಇಲ್ಲ ಎಂದಿತು ಲ್ಯಾಪ್‌ಟಾಪ್. ಹಳೆಯ ಹಾರ್ಡ್ ಡಿಸ್ಕಾದರೆ ಕಿರಗುಟ್ಟಿ ಹೇಳಿಯಾದರೂ ಹೋಗುತ್ತಿತ್ತು. ಇನ್ನೊಂದು ಪ್ರತಿ ಇರಲಿಲ್ಲ. ಹೊಸದು ಕೆಡುತ್ತದೆಂದು ಯಾರು ಅಂದುಕೊಳ್ಳುತ್ತಾರೆ?

ಅಬಿಡ್ಸ್ ಪೇಟೆಯ ರಿಪೇರಿ ಅಂಗಡಿಯವರು ಬೀದರ ಕಡೆಯವರು. ಬಿಚ್ಚಿ, ಯಂತ್ರಕ್ಕೆ ಹಚ್ಚಿ ನೋಡಿ ಹೇಳಿದರು:

"ಚಿಪ್‌ನಾಗ ಎಲ್ಲಾ ಹಂಗ ಐತ್ರಿ ಸರ್. ಹೋಗಿದ್ದು ಕಂಟ್ರೋಲರ್, ಆ ಚಿಪ್‌ಗಳನ್ನ ನಡಸೋದು."

"ಐತಿ ಅಂದ್ರ ತೆಗೀರಲ್ಲ ಮತ್ತ!" ರೇಗಿದೆ.

"ಜಲ್ದಿ ಆಗ್ಲಿ ಅಂತ ಅದು ವಿಡಿಯೊನ ಚೂರು ಚೂರು ಮಾಡಿ ಎಲ್ಲಾ ಚಿಪ್‌ಗೂ ಹಂಚಿರ್ತೈತ್ರಿ. ಯಾವ ಚೂರು ಎಲ್ಲೈತಿ ಅನ್ನೋದು ಅದಕ್ಕಷ್ಟ ಗೊತ್ತು. ಮ್ಯಾಲ ಕೀಲಿ ಹಾಕಿರ್ತೈತಿ, ಕೀಲಿಕೈನೂ ಅದರ ಹೊಟ್ಟ್ಯಾಗ."

ನಾನು ಮೆರೆಸಿದ ವೇಗದ ಗುಟ್ಟು ಇದೇ ಆಗಿತ್ತು. ಅವಳ ದನಿ ನನ್ನ ಅಂಗೈಯಲ್ಲೇ ಇದೆ, ಕೇಳುವ ದಾರಿಯಿಲ್ಲ. ಅಂಗಡಿಯ ಮುಂದೆ, ಆಟೊಗಳ ಗದ್ದಲದ ನಡುವೆ ನಿಂತು ಅತ್ತುಬಿಟ್ಟೆ.

ಮನೆಗೆ ಬಂದು ತಮ್ಮನ ಹೆಂಡತಿಗೆ ಫೋನ್ ಮಾಡಿ, ಆ ಒಡಪು ನೆನಪಿದೆಯೇ ಎಂದು ಕೇಳಿದೆ.

"ಮರೀತೀನೇನ್ರಿ ಭಾವಾರ?" ಎಂದವಳು ನನ್ನವಳ ಧಾಟಿಯಲ್ಲೇ ಶುರುಮಾಡಿದಳು: "ಅಬಿಡ್ಸಿನಾಗ ತಂದೀನಿ ಜರತಾರಿ ಸೀರಿ, ಮಿಯಾಪುರದಾಗ ಬಂದೀನಿ ಏಳು ಮಾಳಿಗಿ ಏರಿ, ಮೆಟ್ರೊದಾಗ ಕಿಟಕಿ ಬದಿ ಕುಂಡ್ರಸ್ತಾರ ನೋಡ್ರಿ..."

ಅಲ್ಲಿಗೆ ನಿಂತಳು. ಮುಂದೆ ಬರಬೇಕಾದದ್ದು ನನ್ನ ಹೆಸರು.

"ಹೇಳವ್ವ" ಎಂದೆ.

"ನಿಮ್ಮ ಹೆಸರ ನಾ ಹೆಂಗ ಹೇಳ್ಲಿರಿ, ಭಾವಾರ?" ಎಂದು ಬಿಕ್ಕಿದಳು.

ಆಮೇಲೆ ಆ ಖಾಲಿ ಜಾಗದಲ್ಲಿ ನಾನೇ ನನ್ನ ಹೆಸರು ಹೇಳಿದೆ. ದನಿ ಮಾತ್ರ ಅವಳದಲ್ಲ, ನನ್ನದೇ ಆಗಿತ್ತು.