ಎಲೆಯಡಿಕೆ ತಟ್ಟೆಯ ಸಂದರ್ಶನ

ಐವತ್ತರ ದಶಕದಲ್ಲಿ ಮೈಸೂರಿನ ನಜರ್‌ಬಾದಿನ ಊದುಬತ್ತಿ ಕಾರ್ಖಾನೆಯೊಂದಕ್ಕೆ ಗುಮಾಸ್ತೆಯ ಕೆಲಸ ಕೇಳಿಕೊಂಡು ಹೋಗಿದ್ದೆ. ಯಜಮಾನರು ನನ್ನ ಸರ್ಟಿಫಿಕೇಟು ಮುಟ್ಟಲೂ ಇಲ್ಲ. ಎಲೆಯಡಿಕೆ ತಟ್ಟೆ ಮುಂದಿಟ್ಟರು.

“ಎಲೆಯಡಿಕೆ ಹಾಕ್ಕೊಳ್ಳೋದು ನೋಡಿದ್ರೆ ಸಾಕು ಕಣ್ರೀ, ಮನುಷ್ಯನ ಸ್ವಭಾವ ತಿಳಿದುಬುಡ್ತದೆ.”

ಅಭ್ಯಾಸವಿಲ್ಲದ ನಾನು ಸುಣ್ಣ ಜಾಸ್ತಿ ಬಳಿದು ಬಾಯಿ ಸುಟ್ಟುಕೊಂಡೆ. ಆತುರಗಾರ ಎಂದು ತೀರ್ಪಾಯಿತು. ನನ್ನ ಹಿಂದೆ ಬಂದ ಕುಂಬಾರಕೊಪ್ಪಲಿನವನು ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ತೆಳ್ಳಗೆ ಸವರಿ ಮಡಿಸಿದ. ಕೆಲಸ ಅವನಿಗಾಯಿತು.

ಮುಂದಿನ ದಸರೆಗೆ ಊದುಬತ್ತಿ ಕೊಳ್ಳಲು ಹೋದಾಗ ಅಲ್ಲಿ ಲೆಕ್ಕಕ್ಕೇರದ ಬಿಲ್ಲುಗಳು ರಾಶಿ ಬಿದ್ದಿದ್ದವು. ಗುಮಾಸ್ತೆ ತಟ್ಟೆಯ ಮುಂದೆ ಕೂತು ಎಲೆ ಮಡಿಸುತ್ತಿದ್ದ. “ಕೆಲಸದಲ್ಲಿ ಹೇಗಿದ್ದಾನೆ?” ಎಂದು ಹೊಟ್ಟೆಯುರಿಯಿಂದ ಕೇಳಿದೆ.

ಯಜಮಾನರು ರಸ ಚೆಲ್ಲದಂತೆ ಗದ್ದ ಮೇಲೆತ್ತಿ, “ನನ್ನ ಪರೀಕ್ಷೆ ಸುಳ್ಳಾಗ್ತದಾ? ಇಂಥಾ ಎಲೆ ಮಡಿಸೋನು ಇಡೀ ಮೈಸೂರಲ್ಲೇ ಇಲ್ಲ ಕಣ್ರೀ!” ಎಂದರು.